ಹಳೇ ಕ್ಯಾಂಡಿ ಅಂಗಡಿಯ ಜಾತಕ ಹುಡುಕಿದ್ದು

ಅಮೆರಿಕದ ಒಂದು ಸಣ್ಣ ಊರಿನ ಕ್ಯಾಂಡಿ ಅಂಗಡಿಯ ಚರಿತ್ರೆ ಬರೆಯಲು ಕೂತಾಗ ಮೊದಲು ಮೂರು ಪಟ್ಟಿ ಬೇರೆ ಮಾಡಿಕೊಂಡೆ: ಕಟ್ಟಡದ್ದು, ಅಂಗಡಿ ಹೆಸರಿನದ್ದು, ನಡೆಸಿದವರದ್ದು. ಬೋರ್ಡಿನ ಮೇಲಿರುವ ಇಸವಿ ಈ ಮೂರರಲ್ಲಿ ಯಾವುದರದ್ದು ಅಂತ ಬೋರ್ಡು ಹೇಳುವುದಿಲ್ಲ. ಹೆಸರು ಅದೇ ಉಳಿದು ಮಾಲೀಕ ಬದಲಾಗಿರಬಹುದು. ಮಾಲೀಕ ಅವನೇ ಇದ್ದು ಅಂಗಡಿ ಎದುರು ಸಾಲಿಗೆ ಹೋಗಿರಬಹುದು.

ಕಟ್ಟಡಕ್ಕೆ ಸ್ಯಾನ್‌ಬಾರ್ನ್ ನಕ್ಷೆಗಳನ್ನು ಹಿಡಿದೆ. 1867ರಲ್ಲಿ ಶುರುವಾದ ಈ ಕಂಪನಿ ಬೆಂಕಿ ವಿಮೆಯವರಿಗಾಗಿ ಊರೂರಿನ ಕಟ್ಟಡಗಳನ್ನು ಬಿಡಿಸಿಟ್ಟಿದೆ. ಗುಲಾಬಿ ಅಂದ್ರೆ ಇಟ್ಟಿಗೆ, ಹಳದಿ ಅಂದ್ರೆ ಮರ. 'ಎಸ್' ಅಂಗಡಿ, 'ಡಿ' ವಾಸದ ಮನೆ. ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್‌ನ ಜಾಲತಾಣದಲ್ಲಿ ಬೇಕಾದಷ್ಟು ಹಾಳೆಗಳು ಪುಕ್ಕಟೆ ಸಿಗುತ್ತವೆ. ಬೇರೆ ಬೇರೆ ವರ್ಷದವನ್ನು ಅಕ್ಕಪಕ್ಕ ಇಟ್ಟು ನೋಡಿದೆ. ಒಂದರಲ್ಲಿ ಹಳದಿ ಇದ್ದ ಜಾಗ ಮುಂದಿನದರಲ್ಲಿ ಗುಲಾಬಿ. ಅಂದ್ರೆ ಮರದ ಅಂಗಡಿ ಹೋಗಿ ಇಟ್ಟಿಗೆಯದು ಬಂದಿದೆ, ಅಲ್ವಾ? ಆದರೆ ಎಷ್ಟೋ ಹಾಳೆಗಳ ಮೇಲೆ ಆಮೇಲಿನ ಬದಲಾವಣೆಯ ಚೀಟಿ ಅಂಟಿಸಿರುತ್ತಾರೆ. ಹಾಳೆಯ ಇಸವಿ ಒಂದು, ಚೀಟಿಯದು ಇನ್ನೊಂದು. ಚೀಟಿಯ ಅಂಚು ಗಮನಿಸಬೇಕು.

ನಡೆಸಿದವರಿಗೆ ಜನಗಣತಿ. ಅಲ್ಲಿ ಹೆಸರಿರುವ ದಾಖಲೆಗಳು 72 ವರ್ಷ ಆದ ಮೇಲೇ ಹೊರಬರುವುದು, ಹಾಗಾಗಿ 1950ರದ್ದು 2022ರಲ್ಲಿ ಸಿಕ್ಕಿತು. 1890ರದ್ದು ಬಹುಪಾಲು ಬೆಂಕಿಗೆ ಹೋಗಿದೆ, ಅದಕ್ಕೆ ಊರಿನ ಡೈರೆಕ್ಟರಿಗಳೇ (ಊರವರ, ಅಂಗಡಿಗಳ ಹೆಸರು-ವಿಳಾಸದ ಪುಸ್ತಕಗಳು) ಗತಿ. 1920ರ ಪುಟದಲ್ಲಿ ನಮ್ಮ ಅಂಗಡಿಯವನ ಹುಟ್ಟಿದ ದೇಶ ಗ್ರೀಸ್ ಅಂತಿತ್ತು. ಆಶ್ಚರ್ಯ ಏನಿಲ್ಲ, ಆಗ ಎಷ್ಟೋ ಸಣ್ಣ ಊರುಗಳ ಕ್ಯಾಂಡಿ ಅಂಗಡಿ, ಸೋಡಾ ಫೌಂಟನ್‌ಗಳು (ಸೋಡಾ, ಐಸ್‌ಕ್ರೀಮ್ ಕೊಡುವ ಕಟ್ಟೆಗಳು) ಗ್ರೀಕರ ಕೈಯಲ್ಲಿದ್ದವು. ಅದೇ ವರ್ಷ ಪಾನನಿಷೇಧ ಬಂದು ಬಾರುಗಳಿಗೆ ಬೀಗ ಬಿತ್ತು. ಕೂತು ಹರಟಲು ಜನ ಇಂಥ ಅಂಗಡಿಗಳಿಗೇ ಬಂದರು.

ಅಂಗಡಿ ಹೆಸರಿನ ಪಟ್ಟಿಗೆ ಹಳೇ ಪತ್ರಿಕೆಗಳು. ಅವುಗಳಲ್ಲಿ ಸುಮ್ನೆ ಅಂಗಡಿ ಹೆಸರು ಹಾಕಿ ಹುಡುಕಿದರೆ ಅರ್ಧವೂ ಸಿಗುವುದಿಲ್ಲ. ಸ್ಕ್ಯಾನ್ ಮಾಡಿದ ಅಕ್ಷರಗಳು ಅಷ್ಟು ಕೆಟ್ಟಿರುತ್ತವೆ. ನಾನು ಕ್ರಿಸ್‌ಮಸ್ ಮತ್ತು ಈಸ್ಟರ್ ಹಿಂದಿನ ವಾರಗಳ ಸಂಚಿಕೆಗಳನ್ನು ಕಣ್ಣಲ್ಲೇ ಓದಿದೆ, ಕ್ಯಾಂಡಿಯವರು ಜಾಹೀರಾತು ಕೊಡುತ್ತಿದ್ದದ್ದು ಆಗಲೇ ಜಾಸ್ತಿ. ಎರಡನೇ ಮಹಾಯುದ್ಧದಿಂದಾಗಿ 1942ರಿಂದ 1947ರವರೆಗೆ ಸಕ್ಕರೆ ರೇಷನ್ ಇತ್ತು. ಆ ವರ್ಷಗಳಲ್ಲಿ ಜಾಹೀರಾತು ಕಾಣದಿದ್ದರೆ ಅಂಗಡಿ ಮುಚ್ಚಿತು ಅಂತ ಬರೆದುಬಿಡಬಾರದು, ಡೈರೆಕ್ಟರಿ ತೆಗೆದು ನೋಡಬೇಕು.

ಮನೆಯವರ ನೆನಪಿನ ವಿಷಯ ಸ್ವಲ್ಪ ನಾಜೂಕು. ಮಾಲೀಕರ ಮೊಮ್ಮಗಳು ಒಂದು ತಗಡಿನ ಡಬ್ಬಿ ತೋರಿಸಿ, "ಇದು ಯುದ್ಧದ ಕಾಲದ್ದೇ, ಅಜ್ಜಿ ಹೇಳ್ತಿದ್ರು" ಅಂತ ಪಟ್ಟು ಹಿಡಿದರು. ಬಾರ್‌ಕೋಡ್ ಇರಲಿಲ್ಲ, ಅಂದ್ರೆ ಅದು ಅಂಗಡಿಗಳಲ್ಲಿ ಬಳಕೆಗೆ ಬಂದ 1974ಕ್ಕಿಂತ ಹಿಂದಿನದು ಇರಬಹುದು. ಆದರೆ ಮುಚ್ಚಳದ ಅಡ್ರೆಸ್ ಕೊನೆಗೆ ಐದಂಕಿ ಝಿಪ್ ಕೋಡ್ (ನಮ್ಮ ಪಿನ್ ಕೋಡ್ ಇದ್ದ ಹಾಗೆ) ಇತ್ತು. ಅದು ಬಂದದ್ದೇ 1963ರಲ್ಲಿ. ಡಬ್ಬಿಯ ಫೋಟೋವನ್ನು ಅರವತ್ತರ ದಶಕದ ಪುಟಕ್ಕೆ ಹಾಕಿದೆ. ಅಜ್ಜಿ ಹೇಳಿದ್ದನ್ನು ಅಜ್ಜಿಯ ಮಾತು ಅಂತಲೇ ಕೆಳಗೆ ಬರೆದೆ.