737ರಿಂದ ಎ320ಗೆ: ಹಳೇ ಫ್ಲೋ ಬಿಡದೆ ಹೊಸದು ಕಲಿತ ನನ್ನ ಅನುಭವ

ಬೋಯಿಂಗ್ 737 ಬಿಟ್ಟು ಏರ್‌ಬಸ್ ಎ320ಗೆ ಟೈಪ್ ರೇಟಿಂಗ್ (ಆ ಮಾದರಿಯ ವಿಮಾನ ಹಾರಿಸುವ ಅರ್ಹತೆ) ಮಾಡುವ ಪೈಲಟ್‌ಗಳು ಮೊದಲು ಹೊಸ ಫ್ಲೋ, ಅಂದರೆ ಕಾಕ್‌ಪಿಟ್‌ನಲ್ಲಿ ಯಾವ ಸ್ವಿಚ್ ಆದ ಮೇಲೆ ಯಾವುದು ಅನ್ನುವ ಕ್ರಮ, ಬಾಯಿಪಾಠಕ್ಕೆ ಕೂರುತ್ತಾರೆ. ನಾನು ಹಳೇ ಫ್ಲೋ ಮುಂದಿಟ್ಟುಕೊಂಡೇ ಶುರು ಮಾಡಿದೆ. "ಹಳೇದು ಮರೀಬೇಕು ಮಾರಾಯ, ನೀನು ಅದನ್ನೇ ಹಿಡ್ಕೊಂಡಿದ್ದೀಯ" ಅಂದರು ಬ್ಯಾಚಿನವರು. ಚೆಕ್ ಪರೀಕ್ಷೆಯಲ್ಲಿ ಒಂದೇ ಸಲಕ್ಕೆ ಪಾಸಾದೆ. ಆಮೇಲೆ ಅವರೇ ನನ್ನ ನೋಟ್‌ಬುಕ್ಕಿನ ಫೋಟೋ ತೆಗೆದುಕೊಂಡರು.

ಮಾಡಿದ್ದು ಇಷ್ಟೇ. 737ರಲ್ಲಿ ಕೈ ಮಾಡುವ ಪ್ರತಿ ಕೆಲಸದ ಎದುರು, ಇಲ್ಲಿ ಅದು ಯಾರ ಪಾಲು ಎಂದು ಬರೆದೆ: ನನ್ನದೋ, ವಿಮಾನದ್ದೋ. ಸ್ಟಾರ್ಟ್ ಆದ ಮೇಲೆ ಜನರೇಟರ್ ಹಾಕುವುದು, ಪ್ರೋಬ್ ಹೀಟ್ (ವೇಗ, ಎತ್ತರ ಅಳೆಯುವ ಹೊರಗಿನ ನಳಿಕೆಗಳನ್ನು ಬಿಸಿ ಇಡುವುದು) ಆನ್ ಮಾಡುವುದು ಎಲ್ಲ ವಿಮಾನದ ಪಾಲು. ಬೆಂಗಳೂರಿಗೆ ಹೊರಟಾಗ ಪ್ರೆಷರೈಸೇಶನ್‌ಗೆ (ಕ್ಯಾಬಿನ್ ಒಳಗಿನ ಗಾಳಿಯ ಒತ್ತಡಕ್ಕೆ) ಅಲ್ಲಿನ ನಿಲ್ದಾಣದ ಎತ್ತರ 3000 ಅಡಿ ಸೆಟ್ ಮಾಡುತ್ತಿದ್ದೆವಲ್ಲ, ಅದೂ ಅಷ್ಟೇ.

ಎಂಜಿನ್ ಸ್ಟಾರ್ಟ್ ನೋಡಿ. 737ರಲ್ಲಿ ಸ್ವಿಚ್ ಗ್ರೌಂಡ್‌ಗೆ ತಿರುಗಿಸಿ, ಎನ್2 (ಎಂಜಿನ್ನಿನ ಒಳಭಾಗ ತಿರುಗುವ ವೇಗ) 25 ಪರ್ಸೆಂಟ್ ಆಗುವವರೆಗೆ ಕಾದು, ಇಂಧನ ಬಿಡುವ ಲಿವರ್ ಎತ್ತಬೇಕು. ಎ320ಯಲ್ಲಿ ಮೋಡ್ ಸೆಲೆಕ್ಟರ್, ಮಾಸ್ಟರ್ ಸ್ವಿಚ್, ಮುಗೀತು. ಇಂಧನ ಬಿಡುವುದು, ಸ್ಟಾರ್ಟ್ ಕೆಟ್ಟರೆ ನಿಲ್ಲಿಸುವುದು ಫೇಡೆಕ್ ಎಂಬ ಎಂಜಿನ್ ಕಂಪ್ಯೂಟರಿನ ಕೆಲಸ. ಕೈ ಖಾಲಿ ಉಳಿದಾಗಲೇ ಬೇಡದ ಸ್ವಿಚ್ ಹತ್ತಿರ ಹೋಗುತ್ತದೆ, ಅಲ್ವಾ? ಅಲ್ಲಿ ಕೆಂಪು ಇಂಕಿನಲ್ಲಿ ಬರೆದೆ: "ಕೈ ಸುಮ್ನಿರಲಿ, ಕಣ್ಣು ಇಜಿಟಿ ಮೇಲೆ." ಇಜಿಟಿ ಅಂದರೆ ಎಂಜಿನ್ ಹೊರಬಿಡುವ ಅನಿಲದ ತಾಪ.

ಹೊಸದಾಗಿ ನನ್ನ ಪಾಲಿಗೆ ಬಂದದ್ದು ಎಫ್‌ಎಂಎ, ಅಂದರೆ ಆಟೋಪೈಲಟ್, ಆಟೋಥ್ರಸ್ಟ್ ಯಾವ ಮೋಡ್‌ನಲ್ಲಿವೆ ಎಂದು ಪರದೆಯ ಮೇಲೆ ತೋರಿಸುವ ಸಾಲು, ಓದುವುದು. ಬೋಯಿಂಗ್‌ನಲ್ಲಿ ಆಟೋಥ್ರಾಟಲ್ (ಎಂಜಿನ್ ಶಕ್ತಿಯನ್ನು ತಾನೇ ಹೆಚ್ಚುಕಡಿಮೆ ಮಾಡುವ ವ್ಯವಸ್ಥೆ) ಏನು ಮಾಡುತ್ತಿದೆ ಎಂದು ಅಂಗೈಗೇ ಗೊತ್ತಾಗುತ್ತಿತ್ತು, ಥ್ರಸ್ಟ್ ಲಿವರ್ ಸರಿಯುತ್ತದಲ್ಲ. ಇಲ್ಲಿ ಆ ಲಿವರ್ ಕ್ಲೈಂಬ್ ಡಿಟೆಂಟ್ ಎಂಬ ಕಚ್ಚಿನಲ್ಲಿ ಅಲುಗದೆ ಕೂರುತ್ತದೆ. ಅದಕ್ಕೇ ಟೇಕಾಫ್‌ನಲ್ಲಿ ಆ ಸಾಲಿನ ಮೋಡ್‌ಗಳನ್ನು "ಮ್ಯಾನ್ ಫ್ಲೆಕ್ಸ್, ಎಸ್‌ಆರ್‌ಎಸ್, ರನ್‌ವೇ, ಆಟೋಥ್ರಸ್ಟ್ ಬ್ಲೂ" ಎಂದು ಬಾಯಿಬಿಟ್ಟು ಓದಲೇಬೇಕು. ಇದು ತಾನಾಗಿ ಬಾಯಿಗೆ ಬರುವಂತೆ ನಾನು ಮಾಡಿಕೊಂಡ ಉಪಾಯ ಇಲ್ಲಿ ಬರೆಯುವುದಿಲ್ಲ. ಸಿಮ್ಯುಲೇಟರ್‌ನಲ್ಲಿ ನನ್ನ ಪಕ್ಕ ಕೂತವರಿಗೆ ತೋರಿಸುತ್ತೇನೆ.

ಕೋರ್ಸಿಗೇ 20 ಲಕ್ಷದ ಹತ್ತಿರ ಆಯಿತು. ಮೇಲಿಂದ ವಿಆರ್ ಹೆಡ್‌ಸೆಟ್‌ಗೆ ಸುಮಾರು 40 ಸಾವಿರ ಸುರಿದೆ. ಸ್ವಿಚ್ ಬೆರಳಿಗೇ ತಾಗದ ಮೇಲೆ ಅದರಿಂದ ಏನು ಪ್ರಯೋಜನ? ಕೆಲಸಕ್ಕೆ ಬಂದದ್ದು 700 ರೂಪಾಯಿಯ ಕಾಕ್‌ಪಿಟ್ ಪೋಸ್ಟರ್ ಮತ್ತು ಅಪ್ಪ. ಪಕ್ಕದ ಕುರ್ಚಿಯಲ್ಲಿ ಕೂತು ಚೆಕ್‌ಲಿಸ್ಟ್ ಓದುತ್ತಿದ್ದರು. ಉತ್ತರದಲ್ಲಿ ಒಂದು ಪದ ಆಚೀಚೆಯಾದರೂ "ಇನ್ನೊಂದ್ಸಲ ಹೇಳು" ಅನ್ನುತ್ತಿದ್ದರು.

ಈಗ ಎಟಿಆರ್ ಎಂಬ ಪ್ರೊಪೆಲ್ಲರ್ ವಿಮಾನದಿಂದ ಎ320ಗೆ ಬರುವ ಹುಡುಗನೊಬ್ಬನಿಗೆ ಇದೇ ಪಟ್ಟಿ ಮಾಡಿಸುತ್ತಿದ್ದೇನೆ. ಎಟಿಆರ್‌ನಲ್ಲಿ ಎಪಿಯು (ನೆಲದ ಮೇಲೆ ಕರೆಂಟ್ ಕೊಡುವ ಚಿಕ್ಕ ಎಂಜಿನ್) ಇಲ್ಲ. ಬಲಗಡೆ ಎಂಜಿನ್ನಿನ ಪ್ರೊಪೆಲ್ಲರ್‌ಗೆ ಬ್ರೇಕ್ ಹಾಕಿ ಎಂಜಿನ್ ಮಾತ್ರ ಓಡಿಸುವ ಹೋಟೆಲ್ ಮೋಡ್‌ನಲ್ಲಿ ಕರೆಂಟ್ ತೆಗೆಯುತ್ತಾರೆ. ಅವನ ಪಟ್ಟಿ ನನ್ನದಕ್ಕಿಂತ ಜಾಸ್ತಿ ಉದ್ದ ಆಗುತ್ತಿದೆ.