ತಿಂಗಳಿಗೆ 35 ದಿನ

ಕೈಗೆ ಬರುವ 27,400 ರೂಪಾಯಿಯಲ್ಲಿ ಬೆಂಗಳೂರಿನಂಥ ಊರಿನಲ್ಲಿ ಒಬ್ಬನೇ ಮನೆ ಮಾಡಿಕೊಂಡು, ತಿಂಗಳ ಕೊನೆಯ ವಾರದಲ್ಲಿ ಯಾರ ಬಳಿಯೂ ಕೈಸಾಲ ಕೇಳದೆ ಇರಬಹುದೆಂದು ಯಾರಾದರೂ ಹೇಳಿದ್ದರೆ ಎರಡು ವರ್ಷದ ಹಿಂದೆ ನಾನೂ ನಂಬುತ್ತಿರಲಿಲ್ಲ. ಖರ್ಚು ಬರೆದಿಡುವುದು, ದಿನಸಿ ಪಟ್ಟಿ ಮಾಡುವುದು ಇವೆಲ್ಲ ಒಂಟಿಯಾಗಿರುವ ಪ್ರತಿಯೊಬ್ಬರಿಗೂ ಗೊತ್ತಿರುವ ಸಂಗತಿಗಳಾದ್ದರಿಂದ ಅವನ್ನು ಇಲ್ಲಿ ಹೇಳುವುದಿಲ್ಲ. ನಾನು ಮಾಡಿದ್ದು ಒಂದೇ ಬದಲಾವಣೆ: ಸಂಬಳವನ್ನು 30 ದಿನಕ್ಕೆ ಭಾಗಿಸುವುದನ್ನು ಬಿಟ್ಟು 35 ದಿನಕ್ಕೆ ಭಾಗಿಸಿದೆ.

ಇದನ್ನು ಮೊದಲು ಹೇಳಿದ್ದು ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ಹಿರಿಯರೊಬ್ಬರ ಬಳಿ. ಅವರು ಕನ್ನಡಕ ತೆಗೆದು, "30 ದಿನಕ್ಕೇ ಸಾಲದ ದುಡ್ಡು 35 ದಿನಕ್ಕೆ ಹೇಗ್ರೀ ಸಾಲುತ್ತೆ? ಕ್ಯಾಲೆಂಡರಿಗೆ ಮೋಸ ಮಾಡಬಹುದು, ಹೊಟ್ಟೆಗೆ ಮಾಡೋಕಾಗಲ್ಲ" ಎಂದು ನಕ್ಕರು. ಶಿರಾದಲ್ಲಿರುವ ಅಕ್ಕ ಫೋನಿನಲ್ಲಿ, "ಹೊಟ್ಟೆ ಕಟ್ಟಿ ಕೂಡಿಟ್ಟು ಇನ್ಯಾವನ ಕೈಗೆ ಕೊಡ್ತೀಯೋ ತಮ್ಮಯ್ಯ?" ಎಂದಳು. ಅಕ್ಕನ ಮಾತಿಗೆ ಕಾರಣವಿತ್ತು. 2024ರ ಮಾರ್ಚಿನಲ್ಲಿ ನಾನು ಕಟ್ಟುತ್ತಿದ್ದ ಚೀಟಿಯನ್ನು ನಡೆಸುತ್ತಿದ್ದವರು ರಾತ್ರೋರಾತ್ರಿ ಮನೆ ಖಾಲಿ ಮಾಡಿಕೊಂಡು ಹೋಗಿ ನನ್ನ ಸುಮಾರು 18,000 ರೂಪಾಯಿ ಮುಳುಗಿತ್ತು, ಚೀಟಿ ಎತ್ತಿದ ಮೇಲೆ ಕೊಡುತ್ತೇನೆಂದು ಅಕ್ಕನ ಬಳಿಯೇ ತಂದ ಎರಡು ಸಾವಿರವೂ ಅದರಲ್ಲಿ ಸೇರಿತ್ತು.

ಈಗಿನ ಲೆಕ್ಕವನ್ನು ನೆನಪಿನಿಂದಲೇ ಹೇಳುತ್ತೇನೆ, ಹತ್ತಿಪ್ಪತ್ತು ರೂಪಾಯಿ ಅತ್ತಿತ್ತ ಇರಬಹುದು. ಸುಂಕದಕಟ್ಟೆಯ ಮನೆಗೆ ಬಾಡಿಗೆ 8,500, ನೀರಿಗೆ 300. ಊರಿಗೆ, ಅಮ್ಮನಿಗೆ 5,000. ಮನೆಯ ಅಡ್ವಾನ್ಸಿಗಾಗಿ ಮಾವನಿಂದ ತಂದ 60,000ದ ಬಾಬ್ತು ತಿಂಗಳಿಗೆ 2,500. ಬಸ್ ಪಾಸು 1,200. ಇದು 2025ರ ಜನವರಿಯವರೆಗೆ 1,050 ಇತ್ತು. ಫೋನಿಗೆ 350, ಗ್ಯಾಸು ಮತ್ತು ಕರೆಂಟಿಗೆಂದು ತೆಗೆದಿಡುವುದು 350, ಎಲ್‌ಐಸಿ 800. ಇವೆಲ್ಲ ಸೇರಿ 19,000 ಆಗುತ್ತದೆ, ಇದರಲ್ಲಿ ಒಂದು ರೂಪಾಯಿಯನ್ನೂ ಎಳೆದು ಕಡಿಮೆ ಮಾಡಲು ಬರುವುದಿಲ್ಲ. ಉಳಿಯುವ 8,400ರಲ್ಲಿ ಅಕ್ಕಿಯಿಂದ ಹಿಡಿದು ಕ್ಷೌರದವರೆಗೆ ಎಲ್ಲವೂ ನಡೆಯಬೇಕು. ಅದನ್ನು 30 ದಿನಕ್ಕೆ ಹಂಚಿದರೆ ದಿನಕ್ಕೆ 280, 35 ದಿನಕ್ಕೆ ಹಂಚಿದರೆ 240. ಈ 240ನ್ನು ನಾನು ದಿನದ ಪಡಿ ಎಂದು ಕರೆಯುತ್ತೇನೆ. ಮುಂದಿನ ಸಂಬಳ ಬರುವ ಹೊತ್ತಿಗೆ ಐದು ದಿನದ ಪಡಿ, ಎಂದರೆ 1,200 ರೂಪಾಯಿ, ಉಳಿದಿರಬೇಕು. ಹೀಗೆ ಆರು ತಿಂಗಳು ಉಳಿದರೆ ಇಡೀ ಒಂದು ತಿಂಗಳ ಪಡಿ 7,200 ಮುಂಚಿತವಾಗಿಯೇ ಕೈಯಲ್ಲಿರುತ್ತದೆ, ಅಲ್ಲಿಂದಾಚೆಗೆ ಹೊಟ್ಟೆ ನಡೆಯುವುದು ಹಿಂದಿನ ತಿಂಗಳ ದುಡ್ಡಿನಲ್ಲಿ.

ಕಾಗದದ ಮೇಲೆ ಆರು ತಿಂಗಳು ಎಂದಿದ್ದದ್ದು ನನಗೆ ಹನ್ನೊಂದು ತಿಂಗಳು ಹಿಡಿಯಿತು.

2024ರ ಆಗಸ್ಟಿನಲ್ಲಿ ಆರಂಭಿಸಿದಾಗ ಹತ್ತನೇ ದಿನಕ್ಕೇ ಖರ್ಚು ಪಡಿಗಿಂತ 600 ರೂಪಾಯಿ ಹೆಚ್ಚಾಗಿತ್ತು. ಕಾರಣ ಹುಡುಕಲು ಕಷ್ಟಪಡಬೇಕಾಗಲಿಲ್ಲ: ಎದ್ದು ಒಲೆ ಹಚ್ಚುವ ಸೋಮಾರಿತನಕ್ಕೆ ದರ್ಶಿನಿಯಲ್ಲಿ ಇಡ್ಲಿ-ವಡೆ, ಕಾಫಿ ಎಂದು ಬೆಳಿಗ್ಗೆಯೇ 75 ರೂಪಾಯಿ ಹೋಗುತ್ತಿತ್ತು, ಫೋನಿನಲ್ಲಿ ಸ್ಕ್ಯಾನ್ ಮಾಡಿ ಕೊಡುತ್ತಿದ್ದುದರಿಂದ ಹೋದದ್ದು ತಿಳಿಯುತ್ತಲೂ ಇರಲಿಲ್ಲ. ಮನೆಯಲ್ಲಿ ಇನ್ನೊಬ್ಬರಿದ್ದರೆ ದಿನಾ ಹೋಟೆಲಿಗೆ ಯಾಕೆ ಹೋಗುತ್ತೀಯೆಂದು ಕೇಳುತ್ತಾರೆ, ಒಂಟಿಯವನನ್ನು ಕೇಳುವವರಿಲ್ಲ. ಆಗ ಹಳೆಯ ಹಾರ್ಲಿಕ್ಸ್ ಬಾಟಲಿಯೊಂದನ್ನು ತೊಳೆದು ಅಡುಗೆಮನೆಯ ಕಿಟಕಿಯಲ್ಲಿಟ್ಟೆ. ಪ್ರತಿ ಭಾನುವಾರ ಏಳು ದಿನದ ಪಡಿ, 1,680 ರೂಪಾಯಿಯನ್ನು ನಗದಾಗಿ ತಂದು, ಆ ದಿನದ 240ನ್ನು ಮಾತ್ರ ಬಾಟಲಿಗೆ ಹಾಕಿ, ಮಿಕ್ಕದ್ದನ್ನು ಮೇಲಿನ ಅಟ್ಟದ ಟ್ರಂಕಿನಲ್ಲಿಡುತ್ತೇನೆ. ಟ್ರಂಕು ಇಳಿಸಬೇಕಾದರೆ ಮಾಲೀಕರ ಮನೆಯಿಂದ ಸ್ಟೂಲು ತರಬೇಕು, ಅವರು ಏನು ಬೇಕಿತ್ತೆಂದು ಕೇಳಿಯೇ ಕೇಳುತ್ತಾರೆ. ಬೆಳಿಗ್ಗೆ ಸ್ನಾನಕ್ಕೆ ಮುಂಚೆ ತಂದರೆ ದಿನಕ್ಕೊಂದೇ ಸಲ ಸಾಕು, ಸಂಜೆ ಮತ್ತೊಮ್ಮೆ ತರಲು ಈವರೆಗೆ ನನಗೆ ಮುಖ ಬಂದಿಲ್ಲ. 2025ರ ಜುಲೈಯಲ್ಲಿ ತೆರಿಗೆ ನೋಟಿಸುಗಳ ಗಲಾಟೆಯಾಗಿ ಅನೇಕ ಅಂಗಡಿಗಳವರು ಯುಪಿಐ ಬೇಡ, ನಗದು ಕೊಡಿ ಎಂದು ಬೋರ್ಡು ಹಾಕಿದಾಗ ನಮ್ಮ ಬೀದಿಯಲ್ಲಿ ಚಿಲ್ಲರೆಗೆ ಪರದಾಡದವನು ಬಹುಶಃ ನಾನೊಬ್ಬನೇ.

ಬಾಟಲಿಗೆ ಹಾಕಿದ 240ರಲ್ಲಿ 80 ಆಗಲೇ ದಿನಸಿ ಡಬ್ಬಿಗೆ ಹೋಗುತ್ತದೆ, 30 ಇನ್ನೊಂದು ಡಬ್ಬಿಗೆ. ಈ ಎರಡನೆಯ ಡಬ್ಬಿ ಮೊದಲು ಇರಲಿಲ್ಲ. ನವೆಂಬರಿನಲ್ಲಿ ಜ್ವರ ಬಂದು ರಕ್ತಪರೀಕ್ಷೆ, ಮಾತ್ರೆ ಎಂದು 1,900 ರೂಪಾಯಿ ಹೋಯಿತು. ಜನವರಿಯಲ್ಲಿ ಅಕ್ಕನ ಮಗಳ ಕಿವಿ ಚುಚ್ಚುವ ಶಾಸ್ತ್ರಕ್ಕೆ 2,000ವಾದರೂ ಮುಯ್ಯಿ ಮಾಡದೆ ಬರುವಂತಿರಲಿಲ್ಲ. ಕೂಡಿಟ್ಟದ್ದು ಎರಡು ಸಲವೂ ಸೊನ್ನೆಗಿಳಿಯಿತು. ಕಾಯಿಲೆ ಮತ್ತು ಮುಯ್ಯಿ ಯಾವ ತಿಂಗಳು ಬರುತ್ತವೆಂದು ತಿಳಿಯದಿದ್ದರೂ ವರ್ಷಕ್ಕೆ ಬಂದೇ ಬರುತ್ತವೆಂಬುದನ್ನು ಮೊದಲೇ ಲೆಕ್ಕ ಹಿಡಿಯದಿದ್ದದ್ದು ನನ್ನ ತಪ್ಪು. ಉಳಿದ ಹಣವನ್ನು ಈಗ ಅಂಚೆ ಕಚೇರಿಯ ಉಳಿತಾಯ ಖಾತೆಯಲ್ಲಿಡುತ್ತೇನೆ. ಬೇಕೆಂದೇ ಎಟಿಎಂ ಕಾರ್ಡು ತೆಗೆದುಕೊಂಡಿಲ್ಲ. ಪಾಸ್‌ಬುಕ್ ಹಿಡಿದು, ಅರ್ಧ ದಿನ ರಜೆ ಹಾಕಿ, ಸಾಲಿನಲ್ಲಿ ನಿಂತು ತೆಗೆಯಬೇಕಾದ ಹಣ ಸುಮ್ಮನೆ ಖರ್ಚಾಗುವುದಿಲ್ಲ.

ದಿನಸಿಯ ವಿಷಯದಲ್ಲಿ ಒಂಟಿಯವನಿಗಿರುವ ತೊಂದರೆ ಸಂಸಾರವಂದಿಗರಿಗೆ ಸುಲಭವಾಗಿ ಅರ್ಥವಾಗುವುದಿಲ್ಲ. ಚಿಕ್ಕ ಪೊಟ್ಟಣ ದುಬಾರಿ, ದೊಡ್ಡದು ಹಾಳು. 25 ಕಿಲೋ ಸೋನಾಮಸೂರಿ ಮೂಟೆ ತಂದರೆ ಕಿಲೋಗೆ ಏಳೆಂಟು ರೂಪಾಯಿ ಉಳಿಯುತ್ತದೆಂದು ತಂದೆ. ತಿಂಗಳಿಗೆ ಆರೇಳು ಕಿಲೋ ತಿನ್ನುವ ನನ್ನ ಮನೆಯಲ್ಲಿ ಮೂರನೇ ತಿಂಗಳಿಗೆ ಮೂಟೆಯೊಳಗೆ ನುಸಿ ಹರಿದಾಡುತ್ತಿತ್ತು. ಈಗ ಮಹಡಿಯ ಮೇಲಿನ ಇಬ್ಬರು ಒಂಟಿ ಬಾಡಿಗೆದಾರರೊಂದಿಗೆ ಸೇರಿ ಮೂಟೆ ತರಿಸಿ, ತಕ್ಕಡಿಯಲ್ಲಿ ತೂಗಿ ಮೂರು ಪಾಲು ಮಾಡುತ್ತೇವೆ. ರಾಗಿ ಮತ್ತು ಹುಣಸೆಹಣ್ಣು ಊರಿನಿಂದ ಬರುತ್ತವೆ, ಹಿಟ್ಟಿನ ಗಿರಣಿಯ ಖರ್ಚು ಮಾತ್ರ ನನ್ನದು. ರಾತ್ರಿ ಮುದ್ದೆ, ಹುರುಳಿಕಾಳಿನ ಸಾರು. ಅದೇ ಸಾರು ಮರುದಿನ ಮಧ್ಯಾಹ್ನದ ಡಬ್ಬಿಗೆ ಅನ್ನದೊಂದಿಗೆ ಹೋಗುತ್ತದೆ. ಬೇಳೆಯನ್ನು ಯಶವಂತಪುರದ ಮಂಡಿಯ ಕಡೆಯಿಂದ ಅಂಗಡಿಯ ದರಕ್ಕಿಂತ ಬಹಳ ಕಡಿಮೆಗೆ ತರುವ ದಾರಿಯೊಂದು ನನಗೆ ಸಿಕ್ಕಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ನಾಲ್ಕು ಜನ ಹೋಗಿ ನಿಂತರೆ ಆ ದಾರಿ ಮುಚ್ಚಿಹೋಗುತ್ತದೆ.

ಕೆ.ಆರ್. ಮಾರುಕಟ್ಟೆಗೆ ಬೆಳಗಿನ ಜಾವ ಹೋಗಿ ತರಕಾರಿ ತರುವ ಉತ್ಸಾಹವೂ ಒಂದು ಕಾಲದಲ್ಲಿತ್ತು. ಅಗ್ಗವಾಯಿತೆಂದು ಐದು ಕಿಲೋ ಟೊಮೆಟೊ ತಂದು, ಅರ್ಧವನ್ನು ಸೀಳಿ ಉಪ್ಪು ಹಚ್ಚಿ ತಾರಸಿಯ ಮೇಲೆ ಒಣಗಲು ಹಾಕಿದೆ. ಬೆಂಗಳೂರಿನ ಜುಲೈ ತಿಂಗಳ ಮೋಡದ ಕೆಳಗೆ ಟೊಮೆಟೊ ಒಣಗಿಸಹೊರಟವನ ಬುದ್ಧಿಯನ್ನು ಏನೆನ್ನಬೇಕು? ಮೂರನೇ ದಿನ ಬೂಷ್ಟು ಹಿಡಿದು ಎಲ್ಲವೂ ಕಸಕ್ಕೆ ಹೋಯಿತು. ಈಗ ಸಂಜೆ ಬಸ್ಸಿಳಿದು ಸೊಪ್ಪಿನ ಅಜ್ಜಿಯ ಬಳಿ ಆ ದಿನಕ್ಕೆ ಬೇಕಾದಷ್ಟನ್ನೇ ಕೊಳ್ಳುತ್ತೇನೆ. ಅರ್ಧ ಕಟ್ಟು ಕೊತ್ತಂಬರಿ ಕೊಡಲು ಅಜ್ಜಿ ಒಪ್ಪಬೇಕಾದರೆ ಎರಡು ತಿಂಗಳ ವ್ಯಾಪಾರ ಬೇಕಾಯಿತು.

ಇನ್ನೊಂದು ಪ್ರಯೋಗ ಕರೆಂಟಿನದು. ಗೃಹಜ್ಯೋತಿಯಲ್ಲಿ ಹೇಗೂ ಉಚಿತವಲ್ಲವೇ, ಗ್ಯಾಸ್ ಬಿಟ್ಟು ಇಂಡಕ್ಷನ್ ಒಲೆಯಲ್ಲೇ ಅಡುಗೆ ಮಾಡೋಣವೆಂದು 1,800 ಕೊಟ್ಟು ಒಲೆ ತಂದೆ. 200 ಯೂನಿಟ್ ಎಂಬುದು ಮೇಲಿನ ಮಿತಿ. ನಮಗೆ ಸಿಗುವುದು ಆ ಮೀಟರಿನ 2022-23ರ ಸರಾಸರಿ, ಅದರ ಮೇಲೆ 10 ಯೂನಿಟ್, ಅಷ್ಟು ಮಾತ್ರ. ನನಗಿಂತ ಮುಂಚೆ ಆ ಮನೆಯಲ್ಲಿದ್ದವರೂ ಒಂಟಿಯೇ ಆಗಿದ್ದರಿಂದ ನನ್ನ ಪಾಲಿಗೆ ಬಂದದ್ದು 38 ಯೂನಿಟ್. ಆ ತಿಂಗಳು 75 ಉರಿಯಿತು, ಹೆಚ್ಚಾದ 37ಕ್ಕೆ ಸುಮಾರು 240 ರೂಪಾಯಿ ಬಿಲ್ಲು ಬಂತು. ನಾಲ್ಕು ತಿಂಗಳು ಬರುವ ನನ್ನ ಸಿಲಿಂಡರಿಗೆ ಆಗ, 2025ರಲ್ಲಿ, 855 ರೂಪಾಯಿಯಿದ್ದರೂ ತಿಂಗಳಿಗೆ ಬೀಳುತ್ತಿದ್ದುದು 214. ಒಲೆಯ ಬೆಲೆಯನ್ನು ಬಿಟ್ಟರೂ ನಷ್ಟವೇ. ಈಗ ಮಾಮೂಲಿ ಬಳಕೆ 32 ಯೂನಿಟ್ ಆಗಿ, ಮಿಕ್ಕ ಆರು ಯೂನಿಟ್ಟಿನಲ್ಲಿ ಬೆಳಗಿನ ಹಾಲು ಕಾಯಿಸಿಕೊಳ್ಳುತ್ತೇನೆ.

35 ಎಂಬ ಅಂಕಿ ಹೇಗೆ ಬಂತೆಂದು ಕೇಳಿದವರಿದ್ದಾರೆ. ಮೊದಲು 40 ದಿನಕ್ಕೆ ಭಾಗಿಸಿ 210ರ ಪಡಿ ಮಾಡಿದ್ದೆ. ಎಂಟನೇ ದಿನ ಎಲ್ಲರ ಮೇಲೂ ಸಿಡುಕುತ್ತಾ, ಒಂಬತ್ತನೇ ದಿನ ಸಿಟ್ಟಿಗೆ ಹೋಟೆಲಿನಲ್ಲಿ ಒಬ್ಬನೇ ಕುಳಿತು 420 ರೂಪಾಯಿಯ ಊಟ ಮಾಡಿ ಬಂದೆ. 240ರಲ್ಲಿ ಭಾನುವಾರ ಕಾಲು ಕಿಲೋ ಕೋಳಿಗೂ, ದಿನಕ್ಕೆರಡು ಕಾಫಿಗೂ ಜಾಗವಿದೆ. ಯಾವುದಾದರೂ ದಿನ ಮಧ್ಯಾಹ್ನಕ್ಕೇ ಬಾಟಲಿ ಖಾಲಿಯಾದರೆ ಇಂದಿರಾ ಕ್ಯಾಂಟೀನಿದೆ, 10 ರೂಪಾಯಿಗೆ ಊಟ. ಅಲ್ಲಿ ಸಾಲಿನಲ್ಲಿ ನಿಲ್ಲಲು ಮೊದಲು ಸಂಕೋಚವಿತ್ತು, ನಮ್ಮ ಕಾರ್ಖಾನೆಯ ಮೇಲ್ವಿಚಾರಕರೂ ಅದೇ ಸಾಲಿನಲ್ಲಿ ಕಂಡ ಮೇಲೆ ಅದು ಹೋಯಿತು.

2025ರ ಜುಲೈ ಕೊನೆಗೆ ಪಾಸ್‌ಬುಕ್ಕಿನಲ್ಲಿ 7,200 ದಾಟಿತು. ಅದರ ಮರುತಿಂಗಳೇ ನಮ್ಮಲ್ಲಿ ಸಂಬಳ ಒಂಬತ್ತು ದಿನ ತಡವಾಗಿ, ಎಲ್ಲರೂ ಒಬ್ಬರ ಮುಖವನ್ನೊಬ್ಬರು ನೋಡುತ್ತಿದ್ದಾಗ, ಕನ್ನಡಕ ತೆಗೆದು ನಕ್ಕಿದ್ದ ಹಿರಿಯರೇ ಮೇಜಿನ ಬಳಿ ಬಂದು ಎರಡು ಸಾವಿರವಿದೆಯೇ ಎಂದು ಮೆಲ್ಲಗೆ ಕೇಳಿದರು. 1,500 ಕೊಟ್ಟೆ. ಅದರಲ್ಲಿ 500 ಇನ್ನೂ ಬರಬೇಕಾಗಿದೆ. ಲೆಕ್ಕದ ಪುಸ್ತಕ ಅವರ ಕೈಯಲ್ಲೇ ಇರುವುದರಿಂದ ನೆನಪಿಸಲು ಹೋಗಿಲ್ಲ.

ಬಾಡಿಗೆಯನ್ನು ಎರಡು ವರ್ಷ ಏರಿಸದಂತೆ ಮಾಲೀಕರನ್ನು ಒಪ್ಪಿಸಿಕೊಂಡು ಬಂದ ಉಪಾಯವೊಂದಿತ್ತು, ಅದನ್ನೂ ನಾನು ಬಿಟ್ಟುಕೊಡುವುದಿಲ್ಲ. ಆದರೆ ಬರುವ ಯುಗಾದಿಯಿಂದ 500 ಹೆಚ್ಚೆಂದು ಅವರು ಮೊನ್ನೆ ಸ್ಟೂಲು ಕೊಡುವಾಗಲೇ ಹೇಳಿಬಿಟ್ಟರು. 7,900ನ್ನು 35ಕ್ಕೆ ಭಾಗಿಸಿದರೆ ಪಡಿ 225ಕ್ಕೆ ಇಳಿಯುತ್ತದೆ. ಸಂಜೆಯ ಕಾಫಿಗೆ ಹೋಗುತ್ತಿದ್ದುದು ಸರಿಯಾಗಿ 15 ರೂಪಾಯಿ.