ಕಡಲಂಚಿನ ಫ್ಲಾಟಿನ ಬೂಷ್ಟು ಹೋಗಿದ್ದು ಹೀಗೆ: ನನ್ನ ಅನುಭವ

ಸ್ಪೇನಿನ ವಾಲೆನ್ಸಿಯಾ ಕರಾವಳಿಯ ಹಳೆಯ ಫ್ಲಾಟುಗಳನ್ನು ಬೇಸಿಗೆಯಲ್ಲಿ ನೋಡಿ ಒಪ್ಪಿಕೊಳ್ಳುತ್ತೇವೆ. ಜನವರಿಗೆ ಬೀರುವಿನ ಹಿಂದೆ, ಉತ್ತರದ ಗೋಡೆಯ ಮೂಲೆಯಲ್ಲಿ ಕಪ್ಪು ಚುಕ್ಕೆ ಶುರು. ಬಣ್ಣ ಬಳಿದರೆ ಕೆಲವೇ ವಾರದಲ್ಲಿ ಮತ್ತೆ ಮೇಲೆ ಬರುತ್ತದೆ.

ಇಲ್ಲಿನ ಗೋಡೆಗಳಿಗೆ ಶಾಖ ತಡೆಯುವ ಪದರ ಇರುವುದು ಕಡಿಮೆ. ಕೋಣೆ 20 ಡಿಗ್ರಿ, ತೇವಾಂಶ ಶೇ. 70 ಇದ್ದಾಗ 14 ಡಿಗ್ರಿಗೆ ಇಳಿದ ಗೋಡೆಯ ಮೇಲೆ ನೀರು ಕೂರುತ್ತದೆ. ನಮ್ಮಲ್ಲಿ ತೇವ ಹೆಚ್ಚಿಸುತ್ತಿದ್ದದ್ದು ಬ್ಯೂಟೇನ್ ಗ್ಯಾಸ್ ಹೀಟರ್. ಒಂದು ಕಿಲೋ ಬ್ಯೂಟೇನ್ ಉರಿದರೆ ಸುಮಾರು ಒಂದೂವರೆ ಲೀಟರ್ ನೀರು ಆವಿಯಾಗಿ ಕೋಣೆಯಲ್ಲೇ ಉಳಿಯುತ್ತದೆ, 12.5 ಕಿಲೋದ ಕಿತ್ತಳೆ ಸಿಲಿಂಡರ್ ಮುಗಿಯುವಷ್ಟರಲ್ಲಿ ಒಂದು ಬಕೆಟ್ ತುಂಬುವಷ್ಟು! ಅನ್ನ, ಸಾರು ಕುದಿಸುವ ಹಬೆ, ಒಳಗೇ ಒಣಹಾಕಿದ ಬಟ್ಟೆ ಬೇರೆ.

ಮೊದಲು ಹೀಟರ್ ಬದಲಿಸಿ ಎಸಿಯ ಹೀಟ್ ಮೋಡ್ ಬಳಸಿದೆವು. ತೇವಾಂಶ ಮಾಪಕ ತಂದು ಗೋಡೆಯ ಹತ್ತಿರವೇ ಇಡಿ, ಶೇ. 60 ದಾಟಬಾರದು. ಮಧ್ಯಾಹ್ನ ಎದುರುಬದುರು ಕಿಟಕಿ ಹತ್ತು ನಿಮಿಷ ಪೂರ್ತಿ ತೆರೆಯಿರಿ. ದಿನವಿಡೀ ಸ್ವಲ್ಪ ಸಂದು ಬಿಟ್ಟರೆ ಗೋಡೆ ತಣ್ಣಗಾಗುತ್ತದೆ, ಅಷ್ಟೇ. ಬೀರು ಗೋಡೆಯಿಂದ 8–10 ಸೆಂ.ಮೀ. ದೂರವಿರಲಿ. ಡಿಹ್ಯೂಮಿಡಿಫೈಯರ್ (ಗಾಳಿಯ ತೇವ ತೆಗೆಯುವ ಯಂತ್ರ) ಕೊಳ್ಳುವವರು ಗಮನಿಸಿ: ಫ್ರಿಜ್ಜಿನಂತೆ ಗಾಳಿ ತಣಿಸಿ ನೀರು ಇಳಿಸುವ ಕಂಪ್ರೆಸರ್ ಮಾದರಿ ತಣ್ಣನೆಯ ಕೋಣೆಯಲ್ಲಿ ಸೋಲುತ್ತದೆ. 15 ಡಿಗ್ರಿಗಿಂತ ಕೆಳಗಿದ್ದರೆ ತೇವ ಹೀರುವ ವಸ್ತು ಬಳಸುವ ಡೆಸಿಕೆಂಟ್ ಮಾದರಿಯೇ ವಾಸಿ, ಕರೆಂಟ್ ಹೆಚ್ಚು ತಿಂದರೂ.

ಇದ್ದ ಬೂಷ್ಟನ್ನು ಒಣಗಿದ್ದಾಗ ಉಜ್ಜಬೇಡಿ, ಬೀಜಕಣ ಹಾರುತ್ತವೆ. ಮಾಸ್ಕ್, ಗ್ಲೌಸ್ ಹಾಕಿ, ಕಿಟಕಿ ತೆರೆದು, ನೀರು ಬೆರೆಸಿದ ಬ್ಲೀಚಿನಲ್ಲಿ ಒರೆಸಿ. ಅದಕ್ಕೆ ವಿನೆಗರ್, ಅಮೋನಿಯಾ ಎಂದೂ ಸೇರಿಸಬೇಡಿ, ವಿಷಾನಿಲ ಏಳುತ್ತದೆ. ಗೋಡೆ ಪೂರ್ತಿ ಒಣಗಿದ ಮೇಲಷ್ಟೇ ಬೂಷ್ಟು ನಿರೋಧಕ ಬಣ್ಣ.